ಸೊಸೆಗೆ ನಾನು ಮುಚ್ಚಿದ ನಲ್ಲಿ

ನನ್ನ ಸೊಸೆಯ ಗಾಯ ಪೂರ್ತಿ ಮಾಗಿದೆ ಎಂದು ಮೊನ್ನೆ ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೇಳಿದರು. ಮೊಮ್ಮಗಳಿಗೆ ಅವತ್ತಿಗೆ ಇಪ್ಪತ್ತೆಂಟು ದಿನ. ತೂಕವೂ ಚೆನ್ನಾಗಿ ಏರಿದೆಯಂತೆ. ಕುಂದಾಪುರದಿಂದ ಮನೆಗೆ ಬರುವ ದಾರಿಯುದ್ದಕ್ಕೂ ಆಟೋದಲ್ಲಿ ಕೂತು ನಾನು ಮಗುವಿನ ಕಾಲಿನ ಬೆರಳು ಎಣಿಸುತ್ತ ಬಂದೆ. ಹತ್ತಿವೆ ಎಂದು ಹುಟ್ಟಿದ ದಿನವೇ ಗೊತ್ತು, ಆದರೂ ಎಣಿಸಿದೆ. ಅದಕ್ಕೆ ಅದರ ಅಜ್ಜನ ಕಿವಿ, ನನ್ನ ಅಗಲ ಹಣೆ. ಆಕಳಿಸಿದರೆ ಮುಖವೆಲ್ಲ ಬಾಯಿಯೇ ಆಗುತ್ತದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಆಟೋ ನಿಲ್ಲಿಸಿ ತೋರಿಸೋಣ ಅನ್ನಿಸುತ್ತಿತ್ತು. ಇಬ್ಬರಿಗೆ ತೋರಿಸಿಯೂ ತೋರಿಸಿದೆ.

ಆದರೆ ಗಾಯ ಮಾಗಿತು ಎಂದರೆ ಮೊದಲು ಕೆಟ್ಟಿತ್ತು ಎಂದಾಯಿತಲ್ಲ. ಅದು ಕೆಟ್ಟದ್ದು ನನ್ನಿಂದ. ಅದನ್ನು ಬಾಯಲ್ಲಿ ಹೇಳಬೇಕಾದ ಕಡೆ ಹೇಳಿದ್ದೇನೆ. ಹೇಳುವಾಗ ನಾಚಿಕೆಯಿಂದ ಅರ್ಧ ಮಾತು ನುಂಗಿಹೋಗುತ್ತದೆ, ಅದಕ್ಕೆ ಬರೆದಿಡುತ್ತಿದ್ದೇನೆ. ನಾಲ್ಕನೇ ಕ್ಲಾಸು ಕಲಿತವಳು ನಾನು. ಕಾಗುಣಿತ ತಿದ್ದಿದವಳು ಸೊಸೆಯೇ. ಎರಡು ಕಡೆ "ಇದ್ ಬೇಡ ಅತ್ತೆ" ಎಂದಳು. ಆ ಎರಡನ್ನೂ ನಾನು ತೆಗೆದಿಲ್ಲ.

ನನ್ನ ಕೆಲಸ ಬಾಣಂತಿಯರನ್ನೂ ಮಕ್ಕಳನ್ನೂ ಮೀಯಿಸುವುದು. ಹೆರಿಗೆಯಾದ ಮನೆಯವರು ಹೇಳಿ ಕಳುಹಿಸುತ್ತಾರೆ. ನಾನು ಹೋಗಿ ನಲವತ್ತು ದಿನ ಬೆಳಿಗ್ಗೆ ಎಣ್ಣೆ ಹಚ್ಚಿ, ನೀವಿ, ಬಿಸಿನೀರು ಹೊಯ್ದು, ಹೊಟ್ಟೆಗೆ ಬಟ್ಟೆ ಕಟ್ಟಿ ಬರುತ್ತೇನೆ. ಸೊಸೆಯ ತವರು ಬೈಂದೂರು. ಅವಳು ಕಾಲೇಜಿಗೆ ಹೋಗುವಾಗಲೇ ತಾಯಿ ತೀರಿಹೋದರು, ಅಲ್ಲಿ ಇರುವುದು ತಂದೆ ಒಬ್ಬರೇ. ಹಾಗಾಗಿ ಚೊಚ್ಚಲ ಬಾಣಂತನ ನಮ್ಮಲ್ಲೇ ಎಂದು ನಾನೇ ತೀರ್ಮಾನ ಮಾಡಿದೆ. ಊರ ಹೆಣ್ಣುಮಕ್ಕಳನ್ನೆಲ್ಲ ಎಬ್ಬಿಸಿ ನಿಲ್ಲಿಸಿದವಳಿಗೆ ಸ್ವಂತ ಸೊಸೆ ಭಾರವೇ ಎಂದು ನಾಲ್ಕು ಜನರೆದುರು ಹೇಳಿಕೊಂಡೆ.

ಮಗ ಹುಬ್ಬಳ್ಳಿಯಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ. ಹೆರಿಗೆಗೆ ಒಂದು ತಿಂಗಳಿರುವಾಗ ರಜೆ ಹಾಕಿ ಬಂದು, ಬಚ್ಚಲಿಗೆ ತಾಗಿಕೊಂಡಿದ್ದ ಹಳೆಯ ಪಾಯಖಾನೆ ಒಡೆಸಿ, ಕೂರುವ ಕಮೋಡು ಹಾಕಿಸಿದ. ಅದರ ಬಲಗಡೆ ಗೋಡೆಗೆ ಒಂದು ಜೆಟ್ ಇಡಿಸಿದ. ಕೈಯಲ್ಲಿ ಹಿಡಿದು ಒತ್ತಿದರೆ ನೀರು ಚಿಮ್ಮುವಂಥದು. ಜೆಟ್ಟಿನ ಬಳ್ಳಿಯಂಥ ಪೈಪು ಗೋಡೆಯಲ್ಲಿದ್ದ ಒಂದು ಚಿಕ್ಕ ನಲ್ಲಿಗೆ ಸೇರಿತ್ತು. ಆ ನಲ್ಲಿಯ ಹಿಡಿ ತಿರುಗಿಸಿದರೆ ಮೇಲಿನ ಟ್ಯಾಂಕಿಯ ನೀರು ಜೆಟ್ಟಿಗೆ ಬರುತ್ತಿತ್ತು.

"ಒತ್ತಿ ಕಾಣಮ್ಮ," ಎಂದ. ಒತ್ತಿದೆ. ನೀರು ಎದುರಿನ ಗೋಡೆಗೆ ಹೊಡೆದು ನನ್ನ ಸೀರೆಗೇ ಹಾರಿತು. ಸಂಕ್ರಾಂತಿಯ ಹಿಂದುಮುಂದಿನ ಬೆಳಗು, ಟ್ಯಾಂಕಿಯ ನೀರು ಕೊರೆಯುತ್ತಿತ್ತು.

"ಬಾಣ್ತಿಗ್ ಈ ತಣ್ಣೀರಾ?" ಎಂದೆ.

"ಬಗ್ಗುದ್ ಬೇಡ, ತಿರ್ಗುದ್ ಬೇಡ. ಡಾಕ್ಟ್ರೇ ಹೇಳಿದ್ದ್, ಹಾಕ್ಸಿ ಅಂದೇಳಿ."

"ಡಾಕ್ಟ್ರ್ ಹೆರ್ಸ್ತ್ರ್. ಹೆತ್ತ್ ಮೇಲ್ ಕಾಂಬುದ್ ನಾವ್," ಎಂದೆ. ಅವನು ನಕ್ಕು ಸುಮ್ಮನಾದ. ನಾನೂ ನಕ್ಕೆ, ಆದರೆ ಸುಮ್ಮನಾಗಲಿಲ್ಲ.

ಹೆರಿಗೆ ಸಲೀಸಾಗಿ ಆಯಿತು. ಮಗು ಹೊರಗೆ ಬರಲು ಸ್ವಲ್ಪ ಕೊಯ್ದು ನಾಲ್ಕು ಹೊಲಿಗೆ ಹಾಕಿದ್ದರು. ಮನೆಗೆ ಕಳುಹಿಸುವಾಗ ನರ್ಸಮ್ಮ ನನ್ನನ್ನೂ ಸೊಸೆಯನ್ನೂ ಎದುರು ನಿಲ್ಲಿಸಿಕೊಂಡು ಹೇಳಿದರು. ಒಂದಕ್ಕೆ, ಎರಡಕ್ಕೆ ಹೋದಾಗಲೆಲ್ಲ ನೀರಿನಲ್ಲಿ ತೊಳೆಯಬೇಕು. ನೀರು ಮುಂದಿನಿಂದ ಹಿಂದಕ್ಕೆ ಹೋಗಬೇಕು. ಉಜ್ಜಬಾರದು, ಮೆತ್ತನೆ ಬಟ್ಟೆಯನ್ನು ಒತ್ತಿ ತೇವ ತೆಗೆಯಬೇಕು. ದಿನಕ್ಕೆ ಹತ್ತು ಹನ್ನೆರಡು ಲೋಟ ನೀರು ಕುಡಿಯಬೇಕು, ಮಲ ಗಟ್ಟಿಯಾದರೆ ಹೊಲಿಗೆಗೆ ಪೆಟ್ಟು. ಅವರಿಗೆ ನನ್ನ ಗುರುತು ಉಂಟು. "ನಿಮ್ಗ್ ಹೇಳೂದ್ ಬೇಡ ಅಲ್ದಾ," ಎಂದರು. ಬೇಡ ಬೇಡ ಎಂದು ತಲೆಯಾಡಿಸಿದೆ.

ತಲೆಯಾಡಿಸುವಾಗಲೇ ನಾನು ಮನಸ್ಸಿನಲ್ಲಿ ಬೇರೆ ಲೆಕ್ಕ ಹಾಕಿಯಾಗಿತ್ತು. ನಮ್ಮ ಕಡೆ ಬಾಣಂತಿ ತಣ್ಣೀರು ಮುಟ್ಟುವ ಕ್ರಮ ಇಲ್ಲ. ತಣ್ಣೀರು ತಾಗಿದರೆ ನಂಜು, ಸೊಂಟ ಹಿಡಿಯುತ್ತದೆ, ಮಗುವಿಗೆ ಶೀತ. ನೀರು ಹೆಚ್ಚು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ. ಇದನ್ನು ನನಗೆ ಅಮ್ಮ ಹೇಳಿದ್ದು, ನಾನು ಹೋದ ಹೋದ ಮನೆಯಲ್ಲಿ ಹೇಳಿದ್ದು.

ಮನೆಗೆ ಬಂದ ಮಧ್ಯಾಹ್ನ ಸೊಸೆ ಮಲಗಿದ ಮೇಲೆ ನಾನು ಪಾಯಖಾನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಚಿಕ್ಕ ನಲ್ಲಿಯನ್ನು ಬಲಕ್ಕೆ ಪೂರ್ತಿ ತಿರುಗಿಸಿ ಮುಚ್ಚಿದೆ. ಅಷ್ಟು ಸಾಲದು, ಅವಳು ಮತ್ತೆ ತಿರುಗಿಸಿಯಾಳು. ಹಿಡಿಯ ನಡುವಿನ ಮುಚ್ಚಳವನ್ನು ಚೂರಿಯ ತುದಿಯಿಂದ ಎಬ್ಬಿಸಿದೆ. ಒಳಗೆ ಒಂದು ಸ್ಕ್ರೂ ಇತ್ತು. ಅದನ್ನು ಬಿಚ್ಚಿ ಹಿಡಿಯನ್ನೇ ಎಳೆದು ತೆಗೆದೆ. ಗೋಡೆಯಲ್ಲಿ ಬರೀ ಹಲ್ಲುಹಲ್ಲಾದ ಒಂದು ಕಡ್ಡಿ ಉಳಿಯಿತು, ಬರಿಗೈಯಲ್ಲಿ ತಿರುಗಿಸಲು ಆಗದು. ಹಿಡಿಯನ್ನು ಸೀಗೆಪುಡಿಯ ಡಬ್ಬಿಯಲ್ಲಿ ಹೂತಿಟ್ಟೆ.

ಸಂಜೆ ಸೊಸೆ ಕೇಳಿದಳು, "ಅತ್ತೆ, ಜೆಟ್ಟಿಗ್ ನೀರೇ ಬತ್ತಿಲ್ಲ ಅಲ್ದಾ? ಹಿಡಿ ಎಲ್ಲೋಯ್ತ್?"

"ತೊಳೂಕ್ ಹೋದಾಗ ಕಳಚಿ ಗುಂಡಿಗ್ ಬಿತ್ತ್ ಮರಾಯ್ತಿ. ಮಾವನತ್ರ ಹೇಳಿದ್ದೆ, ಬೇರೆ ತತ್ರ್. ಅಲ್ಲಿವರಿಗ್ ಬಕೇಟಲ್ಲ್ ಬಿಸಿನೀರ್ ಇಡ್ತೆ, ಮಗ್ಗಲ್ಲ್ ಸುಧಾರ್ಸ್."

ಅವಳ ಮುಖ ನೋಡಿಯೇ ಹೇಳಿದೆ. ನನ್ನ ಯಜಮಾನರ ಹತ್ತಿರ ನಾನು ಏನೂ ಹೇಳಿರಲಿಲ್ಲ. ಅವರು ಆಟೋ ಓಡಿಸುತ್ತಾರೆ. ಅವರ ಕಿವಿಗೆ ಬಿದ್ದಿದ್ದರೆ ಒಂದು ಗಂಟೆಯಲ್ಲಿ ಹೊಸ ಹಿಡಿ ಬರುತ್ತಿತ್ತು. ನಾಲ್ಕನೇ ದಿನ ಮಗ ಹುಬ್ಬಳ್ಳಿಗೆ ಹೊರಟ. ಗಂಡಸರಿಬ್ಬರಿಗೂ ಬಕೇಟು ಮಗ್ಗೇ ರೂಢಿ; ಜೆಟ್ಟಿನ ಬಗ್ಗೆ ಅವನು ಕೇಳಲಿಲ್ಲ, ಸೊಸೆ ಹೇಳಲೂ ಇಲ್ಲ.

ಬೆಳಿಗ್ಗೆ ಮೀಯಿಸುವ ಕೆಲಸ ನನ್ನ ಪದ್ಧತಿಯಂತೆ ನಡೆಯಿತು. ಹಂಡೆಗೆ ಬೆಂಕಿ ಹಾಕಿ, ನೀರು ಕುದಿ ಬರುವ ಮುಂಚೆ ತೆಗೆದು, ಮೊಣಕೈ ಅದ್ದಿ ನೋಡುತ್ತೇನೆ. ಮೊಣಕೈ ತಾಳುವ ಬಿಸಿ ಬೇಕು, ಅದಕ್ಕಿಂತ ಕಮ್ಮಿ ಇದ್ದರೆ ನೀರಲ್ಲ. ಬಾಣಂತಿಯನ್ನು ಮಣೆಯ ಮೇಲೆ ಕೂರಿಸಿ ಸೊಂಟಕ್ಕೆ ಚೆಂಬಿನಿಂದ ಬೀಸಿ ಹೊಡೆಯುವ ಹಾಗೆ ಹೊಯ್ಯುವುದು. ಮಣೆಯ ಮೇಲೆ ಕೂರುವಾಗ ಸೊಸೆ ಗೋಡೆ ಹಿಡಿಯುತ್ತಿದ್ದಳು.

"ಉರಿತ್ ಅತ್ತೆ," ಎಂದಳು ಐದನೇ ದಿನ.

"ಹೊಲ್ಗಿ ಒಣ್ಗುವಾಗ ಉರಿತ್. ನಾವೆಲ್ಲ ಹೆರ್ಲಿಲ್ಯಾ?"

ಮತ್ತೆ ಅವಳು ಹೇಳಲಿಲ್ಲ. ಬಕೇಟಿನಲ್ಲಿ ಇಟ್ಟ ಬಿಸಿನೀರು ಅರ್ಧ ಗಂಟೆಯಲ್ಲಿ ಆರಿಹೋಗುತ್ತಿತ್ತು. ಆರಿದ ನೀರು ಮುಟ್ಟಬೇಡ, ನನ್ನನ್ನು ಕರೆ ಎಂದಿದ್ದೆ. ದಿನಕ್ಕೆ ಎಂಟು ಹತ್ತು ಸಲ ಯಾವ ಸೊಸೆ ಅತ್ತೆಯನ್ನು ಪಾಯಖಾನೆಗೆ ನೀರು ತಾ ಎಂದು ಕರೆಯುತ್ತಾಳೆ? ಅವಳು ಹಳೆಯ ಸೀರೆಯ ತುಂಡಿನಲ್ಲಿ ಒರೆಸಿಕೊಂಡು ಬರುತ್ತಿದ್ದಳು. ತೊಳೆದ ದಿನವೂ ಮಗ್ಗು ಹಿಡಿದು ಪಕ್ಕಕ್ಕೆ ತಿರುಗಿ ಬಗ್ಗಬೇಕಿತ್ತು, ಬಗ್ಗಿದಾಗ ಹೊಲಿಗೆ ಎಳೆಯುತ್ತಿತ್ತು. ಕುಡಿಯಲು ನಾನು ಕೊಟ್ಟದ್ದು ದಿನಕ್ಕೆ ಎರಡು ಲೋಟ ಜೀರಿಗೆ ನೀರು. ಮೂರು ದಿನ ಮಲ ಕಟ್ಟಿ, ನಾಲ್ಕನೇ ದಿನ ಅವಳು ಒಳಗೆ ಅಳುವುದು ಕೇಳಿಸಿತು. ನಾನು ಹೊರಗೆ ಮಗುವಿನ ಬಟ್ಟೆ ಹಿಂಡುತ್ತಿದ್ದೆ. ಹಿಂಡುವುದನ್ನು ನಿಲ್ಲಿಸಲಿಲ್ಲ.

ಅದೇ ದಿನಗಳಲ್ಲಿ ನಾನು ಗುಲ್ವಾಡಿಯ ಒಂದು ಮನೆಗೂ ಹೋಗುತ್ತಿದ್ದೆ. ಹೋಟೆಲಿನವರ ಮನೆ, ಮಗಳು ಮುಂಬಯಿಯಿಂದ ಹೆರಿಗೆಗೆ ಬಂದಿದ್ದಳು. ಅವಳಿಗೂ ಹೊಲಿಗೆ. ಅಲ್ಲಿ ಪಾಯಖಾನೆಯಲ್ಲಿ ಜೆಟ್ ಇದ್ದದ್ದನ್ನು ಮೊದಲ ದಿನವೇ ಕಂಡು ಬೈದಿದ್ದೆ. ಆ ಹುಡುಗಿಯ ಹೊಲಿಗೆ ಎಂಟನೇ ದಿನಕ್ಕೇ ಒಣಗಿತು.

"ಕಂಡ್ರ್ಯಾ?" ಎಂದು ಅವಳ ತಾಯಿಗೆ ತೋರಿಸಿದೆ. "ಇದ್ ನನ್ ಕೈ ನೀರಿನ್ ಗುಣ."

"ಹೌದೌದ್, ನಿಮ್ ಕೈಗುಣವೇ," ಎಂದರು ಅವರು. ನಾನು ಆ ಮಾತನ್ನು ಬಸ್ಸಿನಲ್ಲಿ ಮನೆಯವರೆಗೂ ಮೆಲುಕು ಹಾಕುತ್ತ ಬಂದೆ.

ಹತ್ತನೇ ದಿನ ಬೆಳಿಗ್ಗೆ ಸೊಸೆಯ ಮೈ ಸುಡುತ್ತಿತ್ತು. ಮೀಯಿಸಲು ಬಟ್ಟೆ ಬಿಚ್ಚಿದಾಗ ವಾಸನೆ ಬಂತು. ಆ ವಾಸನೆ ನನಗೆ ಗೊತ್ತಿಲ್ಲದ್ದಲ್ಲ. ಕೂರಿಸಿ ನೋಡಿದೆ. ಕೆಳಗಿನ ಎರಡು ಹೊಲಿಗೆ ಬಿಚ್ಚಿಕೊಂಡು ಬಾಯಿಬಿಟ್ಟಿದ್ದವು, ಸುತ್ತ ಕೆಂಪು, ಬಿಳಿ ಕೀವು. ಬೇರೆಯವರ ಮನೆಯಲ್ಲಾದರೆ ಮೂರನೇ ದಿನವೇ ನೋಡುತ್ತಿದ್ದೆ. ಸೊಸೆಯದನ್ನು ಹತ್ತು ದಿನ ನಾನು ಒಂದು ಸಲವೂ ನೋಡಿರಲಿಲ್ಲ. ಅವಳಿಗೆ ನಾಚಿಕೆ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ನೋಡಲು ನನಗೇ ಹೆದರಿಕೆಯಿತ್ತು.

ಯಜಮಾನರ ಆಟೋದಲ್ಲೇ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಗಾಯ ತೊಳೆದು, ಗುಳಿಗೆ ಇಂಜೆಕ್ಷನ್ ಬರೆದು, ಇದನ್ನು ಮತ್ತೆ ಹೊಲಿಯಲು ಆಗುವುದಿಲ್ಲ, ತೊಳೆತೊಳೆದು ತಳದಿಂದ ತಾನಾಗಿ ಮಾಗಬೇಕು ಎಂದರು. ಜ್ವರ ಏರಿದರೆ ದಾಖಲು ಮಾಡಬೇಕಾಗುತ್ತದೆ, ಮಗುವನ್ನು ಬಿಟ್ಟಿರಬೇಕಾದೀತು ಎಂದೂ ಹೇಳಿದರು. ಸೊಸೆ ಮಗುವನ್ನು ಅವಚಿಕೊಂಡಳು.

ನರ್ಸಮ್ಮ ಕೇಳಿದರು, "ನೀರ್ ಹಾಕಿ ತೊಳೂಕ್ ಹೇಳಿದ್ನಲೆ. ತೊಳೀಲಿಲ್ಯಾ?"

ಸೊಸೆ ನನ್ನ ಕಡೆ ನೋಡಲಿಲ್ಲ. "ಜೆಟ್ ಹಾಳಾಯಿತ್ತ್ ಸಿಸ್ಟರೇ. ನಂಗೂ ಹೆದ್ರಿಕಿ. ನಾನೇ ಸಮ ತೊಳೀಲಿಲ್ಲ."

ನರ್ಸಮ್ಮ ಅವಳನ್ನು ಗದರಿಸಿದರು. "ಇಂಥಾ ಅತ್ತೆ ಇಟ್ಕಂಡೂ ಹಿಂಗ್ ಮಾಡ್ಕಂಡ್ಯಲೆ." ನನ್ನ ಕಡೆ ತಿರುಗಿ, "ನೀವ್ ಹೇಳೂದಲ್ದಾ?" ಎಂದರು. ಆಗ ಬಾಯಿ ಬಿಡಬೇಕಿತ್ತು. ನಾನು ನೆಲ ನೋಡಿದೆ. ಮೊದಲ ಸುಳ್ಳು ನಾನು ಹೇಳಿದ್ದು, ಎರಡನೆಯದನ್ನು ನನಗಾಗಿ ಅವಳು ಹೇಳಿದಳು, ಅದನ್ನೂ ನಾನು ಬೇಡ ಎನ್ನಲಿಲ್ಲ.

ವಾಪಸು ಬರುವಾಗ, ಹಿಡಿ ಗುಂಡಿಗೆ ಬಿದ್ದ ಕಥೆಯನ್ನು ಸೊಸೆಯಿಂದ ಕೇಳಿದ ಯಜಮಾನರು ಮುಂದಿನ ಸೀಟಿನಿಂದ ಹೇಳಿದರು, "ಎಂತಾ ಹೆಂಗ್ಸ್ರ್ ಮರಾಯ್ತಿ ನೀವ್. ಒಂದ್ ನಲ್ಲಿ ಹಿಡಿಗಾಯಿ ಹತ್ತ್ ದಿನ. ಅಂಗ್ಡಿ ನಮ್ ಸ್ಟ್ಯಾಂಡಿನ್ ಎದ್ರೇ ಇತ್ತ್. ನಂಗೊಂದ್ ಮಾತ್ ಹೇಳಿದ್ರೆ ಆತಿತ್ತಲೆ."

ಸೊಸೆ ತಟ್ಟನೆ ತಲೆಯೆತ್ತಿದಳು. ಮಾವನಿಗೆ ಹೇಳಿದ್ದೇನೆ ಎಂದು ನಾನು ಅಂದದ್ದು ಅವಳಿಗೆ ನೆನಪಿತ್ತು. ಮನೆ ಬರುವವರೆಗೆ ಮಗುವಿನ ಟೊಪ್ಪಿ ಸರಿ ಮಾಡುತ್ತಲೇ ಇದ್ದಳು.

ಆ ದಿನ ಬಿಸಿನೀರನ್ನು ನಾನೇ ಹೊತ್ತುಹೊತ್ತಿಗೆ ಕಾಯಿಸಿ ಕೊಟ್ಟೆ. ಮಾರನೆಯ ಬೆಳಿಗ್ಗೆ ಸೀಗೆಪುಡಿಯಿಂದ ಹಿಡಿ ಹೊರಗೆ ತೆಗೆದು, ತೊಳೆದು, ಸೆರಗಿನ ತುದಿಗೆ ಕಟ್ಟಿಕೊಂಡೆ. ಗುಲ್ವಾಡಿ ಕೆಲಸ ಬೇಗ ಮುಗಿಸಿ ಬಂದು, ಅವಳು ಮಲಗಿದಾಗ ಅದನ್ನು ಮತ್ತೆ ಕೂರಿಸಿ, ಪೇಟೆಯಿಂದ ಹೊಸದು ತಂದೆ ಎನ್ನುವುದು ನನ್ನ ಯೋಚನೆ. ನೀರು ಬರುತ್ತದೆ, ಗಾಯ ಮಾಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕೆಟ್ಟದ್ದು ಸರಿಯಾದರೆ ಸಾಕಲ್ಲ, ಕೆಡಿಸಿದವರ ಹೆಸರು ಯಾಕೆ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಗುಲ್ವಾಡಿಯ ಮನೆಗೆ ಮುಟ್ಟಿದಾಗ ಮಾಮೂಲಿ ಹೊತ್ತಿಗಿಂತ ಒಂದು ಗಂಟೆ ಮುಂಚೆ. "ಹ್ವಾಯ್" ಎಂದು ಕರೆಯುತ್ತ ನೇರ ಒಳಗೆ ಹೋದೆ. ಪಾಯಖಾನೆಯಿಂದ ಜೆಟ್ಟಿನ ಸದ್ದು ಬರುತ್ತಿತ್ತು. ಬಾಗಿಲ ಹೊರಗೆ ತಾಯಿ ಮೈ ಒರೆಸುವ ಒಂದು ಬೈರಾಸು ಹಿಡಿದು ನಿಂತಿದ್ದರು. ನನ್ನನ್ನು ಕಂಡು ಬೈರಾಸನ್ನು ಬೆನ್ನ ಹಿಂದೆ ಮಾಡಿದರು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಕ್ಕಳ ಹಾಗೆ.

"ಇಷ್ಟ್ ಬೇಗ ಬಂದ್ರ್ಯಾ?"

"ಅದ್ ಎಂತ ಸದ್ದ್?"

ಅವರು ನಕ್ಕೇ ಬಿಟ್ಟರು. "ಇನ್ ಎಂತ ಅಡ್ಗ್ಸುದ್. ಆಸ್ಪತ್ರಿಂದ ಬಂದ್ ದಿನದಿಂದ್ಲೂ ಮಗ್ಳ್ ಜೆಟ್ಟೇ ಹಿಡುದ್. ನೀವ್ ಬೈತ್ರಿ ಅಂದೇಳಿ ನೀವ್ ಬಪ್ಪು ಹೊತ್ತಿಗ್ ಅದ್ರ್ ಮೇಲ್ ಈ ಬೈರಾಸ್ ಹಾಕಿ ಮುಚ್ಚುದ್."

"ನೀರ್ ಕುಡುದೂ?"

"ಮಂಚದ್ ಕೆಳಗ್ ಬಾಟ್ಲಿ ಇತ್ತ್. ನೀವ್ ಹೋದ್ ಕೂಡ್ಲೆ ಹೊರಗ್ ತೆಗುದ್." ಮತ್ತೆ ಸಮಾಧಾನಕ್ಕೆಂದು ಸೇರಿಸಿದರು, "ಬೇಜಾರ್ ಮಾಡ್ಕಣ್ಬೇಡಿ. ನಿಮ್ ಎಣ್ಣಿ, ನಿಮ್ ನೀವುದ್, ಅದೆಲ್ಲ ಬೇಕ್. ಎಲ್ಲಾ ಮನ್ಯಾಗೂ ಹಿಂಗೇ ಅಲ್ದಾ, ಹೆತ್ತ್ ಅಬ್ಬಿ ಇದ್ದಲ್ಲ್ ಅಡ್ಗ್ಸಿ ಕೊಡ್ತ್ರ್."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ನನ್ನ ಮಾತು ಕೇಳಿಯೂ ಎದ್ದು ನಿಂತ ಹೆಣ್ಣುಮಕ್ಕಳೆಲ್ಲ ನನ್ನ ಕಣ್ಣು ತಪ್ಪಿಸಿ ಎದ್ದು ನಿಂತವರೋ ಏನೋ. ಅವರಿಗೆಲ್ಲ ಬಾಗಿಲ ಹೊರಗೆ ಬೈರಾಸು ಹಿಡಿದು ನಿಲ್ಲುವ ಒಬ್ಬ ತಾಯಿ ಇದ್ದಳು. ನನ್ನ ಮಾತನ್ನು ಹೇಳಿದ ಹಾಗೆ ಪಾಲಿಸಿದವಳು ನನ್ನ ಸೊಸೆ ಒಬ್ಬಳೇ. ಅವಳ ತಾಯಿಯ ಜಾಗದಲ್ಲಿ ನಿಂತಿದ್ದವಳು ನಾನು. ಅವಳಿಂದ ಅಡಗಿಸಿದವಳೂ ನಾನೇ.

ಆ ಹುಡುಗಿ ಹೊರಗೆ ಬಂದಾಗ ಕೇಳಿದೆ, "ಹ್ಯಾಂಗ್ ಮಾಡ್ತೆ, ನಂಗ್ ಹೇಳಿ ಕೊಡ್." ಅವಳಿಗೆ ಮೊದಲು ನಂಬಿಕೆಯಾಗಲಿಲ್ಲ, ತಾಯಿಯ ಮುಖ ನೋಡಿದಳು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಗೋಡೆಯ ನಲ್ಲಿಯನ್ನು ಪೂರ್ತಿ ಬಿಡಬಾರದು, ಕಾಲು ಸುತ್ತು ಸಾಕು, ಆಗ ನೀರು ಹೊಡೆಯುವುದಿಲ್ಲ, ಹರಿಯುತ್ತದೆ. ಮೊದಲು ಕೈ ಮೇಲೆ ಬಿಟ್ಟು ನೋಡಬೇಕು. ಕೂತಲ್ಲಿಂದ ಸ್ವಲ್ಪ ಮುಂದಕ್ಕೆ ಬಾಗಿ, ಜೆಟ್ಟನ್ನು ಮುಂದಿನಿಂದ ಓರೆಯಾಗಿ ಹಿಡಿಯಬೇಕು. ನೇರ ಗಾಯಕ್ಕೆ ಬಿಡದೆ, ಮೇಲಿನಿಂದ ಇಳಿದು ಹೋಗುವ ಹಾಗೆ ಮೂವತ್ತು ಎಣಿಸುವಷ್ಟು ಹೊತ್ತು. ಆಮೇಲೆ ಬಟ್ಟೆ ಒತ್ತಿ, ಎರಡು ನಿಮಿಷ ಗಾಳಿಗೆ ಬಿಡುವುದು. ನಾನು ಅವಳ ಬಾಯಿಂದ ಎರಡು ಸಲ ಹೇಳಿಸಿದೆ. ಅವತ್ತು ಅವಳ ಕೈಯಲ್ಲೇ ನೀರಿನ ಬಿಸಿ ನೋಡಿಸಿ ಮೀಯಿಸಿದೆ. ಮೊಣಕೈ ಅದ್ದಲಿಲ್ಲ.

ಮನೆಗೆ ಬಂದಾಗ ಹತ್ತು ಗಂಟೆ. ಸೊಸೆ ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿ ಮಗುವಿಗೆ ಹಾಲು ಕೊಡುತ್ತಿದ್ದಳು. ಮಲಗಲಿ ಎಂದು ಕಾಯಬಹುದಿತ್ತು. ಕಾದರೆ ನಾನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಸೆರಗಿನ ಗಂಟು ಬಿಚ್ಚಿ ಹಿಡಿಯನ್ನು ಅವಳ ತಲೆದಿಂಬಿನ ಪಕ್ಕ ಇಟ್ಟೆ.

"ಹೊಸ್ತ್ ತಂದ್ರ್ಯಾ?" ಎಂದಳು.

"ಇಲ್ಲ. ಅದೇ. ಗುಂಡಿಗ್ ಬೀಳ್ಲಿಲ್ಲ. ನಾನೇ ತೆಗ್ದ್ ಅಡ್ಗ್ಸಿದ್ದ್. ತಣ್ಣೀರ್ ತಾಗೂಕಾಗ ಅಂದೇಳಿ."

ಅವಳು ಹಿಡಿಯನ್ನು ಕೈಗೆತ್ತಿಕೊಂಡಳು. ಅದರ ಹಲ್ಲಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಸೀಗೆಪುಡಿ ಇತ್ತು. ತುಂಬ ಹೊತ್ತು ನೋಡಿದಳು.

"ನಿನ್ನೆ ಮಾವ ಹೇಳಿದಾಗ್ಳೇ ನಂಗೆ ಎಂತದೋ ಅನ್ಸಿತ್ತ್," ಎಂದಳು. "ಆರೆ ನೀವೇ ಮಾಡಿದ್ದ್ ಅಂದೇಳಿ ಗ್ರೈಸ್ಲಿಲ್ಲ. ಅತ್ತೆ, ನಾನ್ ಒಳಗ್ ಅಳುದ್ ನಿಮ್ಗ್ ಕೇಂತಿತ್ತಾ?"

"ಕೇಂತಿತ್ತ್."

ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ ತೆಗೆದುಕೊಂಡು ಗೋಡೆಯ ಕಡೆ ತಿರುಗಿದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಗೋಡೆಯ ಕಡೆಯಿಂದಲೇ ಹೇಳಿದಳು, "ನಿಮ್ ಮರ್ಯಾದಿಗಾಯಿ ನಾನ್ ಸಿಸ್ಟ್ರತ್ರ ಸುಳ್ಳ್ ಹೇಳ್ದೆ. ಅದನ್ ನೀವೇ ಹೋಯಿ ಸಮ ಮಾಡ್ಕ್. ಮತ್ತೆ ನಾಳೆಯಿಂದ ನಾನೇ ಮೀತೆ. ನೀವ್ ಮೀಸುದ್ ಬೇಡ."

ನಲವತ್ತು ದಿನ ಊರಿಗೆಲ್ಲ ಮೀಯಿಸುವವಳಿಗೆ ಅವಳ ಸೊಸೆಯೇ ಮೀಯಿಸಬೇಡ ಎಂದಳು. ಹ್ಞೂಂ ಎಂದೆ. ಹೋಗಿ ಹಿಡಿಯನ್ನು ಕಡ್ಡಿಗೆ ಕೂರಿಸಿ, ಸ್ಕ್ರೂ ಬಿಗಿದು, ಕಾಲು ಸುತ್ತು ಬಿಟ್ಟೆ. ಮೊದಲು ಗಾಳಿ ಉಸ್ಸೆಂದು, ಆಮೇಲೆ ನೀರು ಬಂತು. ಕೈ ಮೇಲೆ ಬಿಟ್ಟು ನೋಡಿದೆ. ಬಿಸಿಲಿಗೆ ಟ್ಯಾಂಕಿ ಕಾದು ನೀರು ಉಗುರುಬೆಚ್ಚಗಾಗಿತ್ತು. ಹೆರಿಗೆಯಾದ ಮೇಲೆ ನಾನು ಅದನ್ನು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ.

ಗುಲ್ವಾಡಿಯಲ್ಲಿ ಕಲಿತದ್ದನ್ನು ಬಾಗಿಲ ಹೊರಗೆ ನಿಂತು ಹೇಳಿದೆ. ಮುಂದಿನಿಂದ, ಓರೆಯಾಗಿ, ಮೂವತ್ತು ಎಣಿಸು. ಒಳಗಿನಿಂದ ನೀರು ಹರಿಯುವ ಸದ್ದು ಬಂತು. ಎಣಿಕೆ ಮುಗಿದರೂ ಸದ್ದು ನಿಲ್ಲಲಿಲ್ಲ. ಬಾಗಿಲು ತೆಗೆದಾಗ ಅವಳ ಹಣೆಯ ಗಂಟು ಬಿಚ್ಚಿತ್ತು. "ಉರಿ ಕಮ್ಮಿ ಆಯ್ತ್," ಎಂದಳು, ನನಗಲ್ಲ, ಅವಳಿಗೇ ಹೇಳಿಕೊಂಡ ಹಾಗೆ. ನಾನು ಬಚ್ಚಲಿಗೆ ಹೋಗಿ ಹಂಡೆಯ ಮುಂದೆ ಕೂತು ಅತ್ತೆ.

ಮೂರನೇ ದಿನ ಗಾಯ ತೋರಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ಜ್ವರ ಬಿಟ್ಟಿತ್ತು. ಸೊಸೆ ಒಳಗೆ ಹೋದ ಮೇಲೆ ನರ್ಸಮ್ಮನ ಹತ್ತಿರ ಹೋದೆ. ಅವರು ಒಬ್ಬರೇ ಇರಲಿ ಎಂದು ಕಾದೆ, ಅವರು ಒಬ್ಬರೇ ಆಗಲಿಲ್ಲ. ಬೆಂಚಿನ ಮೇಲೆ ಮನೆಗೆ ಹೊರಟ ಬಾಣಂತಿಯರು, ಅವರ ಅಮ್ಮಂದಿರು ಇದ್ದರು. ಅವರೆದುರೇ ಹೇಳಿದೆ. ಜೆಟ್ ಹಾಳಾಗಿರಲಿಲ್ಲ, ನಾನೇ ಹಿಡಿ ತೆಗೆದು ಬಚ್ಚಿಟ್ಟೆ, ನೀರು ಕುಡಿಯಲೂ ಕೊಡಲಿಲ್ಲ, ಹುಡುಗಿ ನನ್ನ ಮರ್ಯಾದೆಗಾಗಿ ಸುಳ್ಳು ಹೇಳಿದಳು ಎಂದೆ.

ನರ್ಸಮ್ಮ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. "ನಾನ್ ದಿನಾ ಹೇಳ್ತೆ, ಎಲ್ಲರೂ ತಲೆ ಆಡ್ಸ್ತ್ರ್, ಮನೆಗ್ ಹೋಯಿ ನಿಮ್ ಮಾತ್ ಕೇಂತ್ರ್," ಎಂದರು. "ಇವತ್ತ್ ಇವ್ರಿಗೆ ನೀವೇ ಹೇಳಿ."

ಎದ್ದು ನಿಂತು ಹೇಳಿದೆ. ನೀರು ಹೇಗೆ ಬಿಡಬೇಕು, ಎಷ್ಟು ಬಿಡಬೇಕು, ಜೆಟ್ ಇಲ್ಲದ ಮನೆಯಲ್ಲಿ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಬೆಚ್ಚಗಿನ ನೀರು ತುಂಬಿ ಹೇಗೆ ಹಿಂಡಬೇಕು. ಸಾಸ್ತಾನದಿಂದ ಬಂದಿದ್ದ ಒಬ್ಬ ಹೆಂಗಸು ನನ್ನನ್ನೇ ದಿಟ್ಟಿಸುತ್ತಿದ್ದರು.

"ನೀವೇ ಅಲ್ದಾ ನನ್ ದೊಡ್ ಮಗ್ಳಿಗ್ ಮೀಸಿದ್? ಆಗ ನೀರ್ ಮುಟ್ಟುಕೇ ಬಿಡ್ಲಿಲ್ಲ. ಈಗ ಪೈಪ್ ಹಿಡ್ಕಣಿ ಅಂತ್ರಿ. ಇನ್ನ್ ಮೂರ್ನೇದಕ್ಕ್ ಎಂತ ಹೇಳ್ತ್ರಿ?"

ಬೆಂಚಿನಲ್ಲಿದ್ದವರೆಲ್ಲ ನಕ್ಕರು. "ಆಗ ಹೇಳಿದ್ ತಪ್ಪ್," ಎಂದೆ. "ನಿಮ್ ದೊಡ್ ಮಗ್ಳಿಗೆ ಎಂತಾರೂ ಆಯ್ತಾ?"

ಅವರು ನಗು ನಿಲ್ಲಿಸಿದರು. "ಎರ್ಡ್ ತಿಂಗ್ಳ್ ಕೂಕಣುಕೆ ಆಯ್ಲಿಲ್ಲ ಅದ್ಕೆ," ಎಂದರು ಮೆಲ್ಲಗೆ.

ಅಲ್ಲಿಂದ ಮುಂದೆ ಎರಡು ವಾರ ಮನೆಯಲ್ಲಿ ನನ್ನ ಕೆಲಸ ಹಂಡೆಗೆ ಬೆಂಕಿ ಹಾಕುವುದು, ಲೋಟಕ್ಕೆ ನೀರು ತುಂಬಿಡುವುದು, ಮಗುವನ್ನು ಮೀಯಿಸುವುದು. ಮಗುವನ್ನು ಕೊಡುತ್ತಿದ್ದಳು. ಅದನ್ನು ಕಾಲ ಮೇಲೆ ಮಲಗಿಸಿಕೊಂಡಾಗ ಅವಳು ಬಾಗಿಲಲ್ಲಿ ನಿಂತು ನೀರಿಗೆ ಕೈ ಅದ್ದಿ ನೋಡುತ್ತಿದ್ದಳು. ನೋಡಲಿ ಎಂದು ನಾನೇ ಚೆಂಬು ಮುಂದೆ ಹಿಡಿಯುತ್ತಿದ್ದೆ. ತಾನು ಮೀಯುವಾಗ ಬಚ್ಚಲ ಅಗುಳಿ ಹಾಕಿಕೊಳ್ಳುತ್ತಿದ್ದಳು. ಮಾತು ಬೇಕಾದಷ್ಟೇ. ನಾನು ಹೊಸದಾಗಿ ಹೋದ ಎರಡು ಮನೆಗಳಲ್ಲಿ ಮೊದಲು ಜೆಟ್ ಇದೆಯಾ ಎಂದು ಕೇಳಿದೆ. ಒಂದು ಮನೆಯ ಅಜ್ಜಿ, "ನಿಮ್ಗೆ ಹುಷಾರಿಲ್ಯಾ?" ಎಂದು ಕೇಳಿದರು.

ಮೊನ್ನೆ ಗುರುವಾರ ಡಾಕ್ಟರಮ್ಮ ನೋಡಿ, ಚರ್ಮ ಕೂಡಿಕೊಂಡಿದೆ, ಇನ್ನು ನೆಲಕ್ಕೂ ಕೂರಬಹುದು ಎಂದರು. ಮಗ ರಜೆ ಹಾಕಿ ಹುಬ್ಬಳ್ಳಿಯಿಂದ ಬಂದಿದ್ದ. ಎಲ್ಲವನ್ನೂ ಅವನಿಗೆ ನಾನೇ ಫೋನಿನಲ್ಲಿ ಹೇಳಿದ್ದೆ. ಎರಡು ದಿನ ಅವನು ನನ್ನ ಫೋನು ಎತ್ತಿರಲಿಲ್ಲ. ಸಂಜೆಗೆ ಬೈಂದೂರಿನಿಂದ ಬೀಗರೂ ಬಂದರು. ಮಗನೇ ಅಡುಗೆಮನೆ ಹಿಡಿದು ಕೋಳಿ ಸಾರು ಮಾಡಿದ, ನಾನು ಉದ್ದಿನ ದೋಸೆ ಹೊಯ್ದೆ. ಬಾಣಂತಿಗೆ ನಮ್ಮಲ್ಲಿ ಕೋಣೆಯಲ್ಲೇ ಬೇರೆ ಊಟ, ಕಾಳುಮೆಣಸಿನ ಸಾರು ಅನ್ನ. ಅವತ್ತು ಅವಳು ಹೊರಗೆ ಬಂದು ಎಲ್ಲರ ಸಾಲಿನಲ್ಲಿ ನೆಲದ ಮೇಲೆ ಮೆಲ್ಲಗೆ ಕೂತಳು, ಒಂದು ಕೈಯನ್ನು ನೆಲಕ್ಕೆ ಊರಿ. ಎಲ್ಲರೂ ಉಸಿರು ಹಿಡಿದು ನೋಡಿದೆವು. ಕೂತು, ಕೈ ತೆಗೆದು, ದೋಸೆ ಮುರಿದಳು.

"ಎಂತ, ಸರ್ಕಸ್ ಕಂಡ್ ಹಾಂಗ್ ಕಾಂತ್ರಿ?" ಎಂದಳು. ಯಜಮಾನರು ಜೋರಾಗಿ ನಕ್ಕರು, ಮಗು ಬೆಚ್ಚಿ ಎದ್ದಿತು.

ಬೀಗರು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ಕೈಯಲ್ಲೇ ಉಣ್ಣುತ್ತಿದ್ದರು. ನಾನು ಬಡಿಸುತ್ತ ಸೊಸೆಯ ಹತ್ತಿರ ಬಂದೆ. ಅವಳು ತಲೆಯೆತ್ತದೆ ಹೇಳಿದಳು, "ಅತ್ತೆ, ಬೆನ್ನಿಗೆ ನಂಗ್ ಕೈ ಎಟ್ಕುದಿಲ್ಲ. ನಾಳೆ ಒಂಚೂರ್ ನೀವ್ ಮೀಸಿ. ನೀರಿನ್ ಬಿಸಿ ನಾನ್ ಕಾಂತೆ."

ಹ್ಞೂಂ ಎಂದೆ. ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕಿ ಅಡುಗೆಮನೆಗೆ ತಿರುಗಿದೆ.

"ಅಮ್ಮ, ನೀನೂ ಬಾ, ಸಾರ್ ಆರತ್ತ್," ಎಂದು ಮಗ ಕರೆದ. ಅವನು ಸ್ವಲ್ಪ ಸರಿದು ತನ್ನ ಮತ್ತು ಸೊಸೆಯ ನಡುವೆ ಜಾಗ ಮಾಡಿದ್ದ. ನನ್ನ ತಟ್ಟೆ ತೆಗೆದುಕೊಂಡು ಹೋಗಿ ಅಲ್ಲಿ ಕೂತು, ಎಲ್ಲರ ಜೊತೆ ಉಂಡೆ.